ಬೆಲೆಯಿಲ್ಲದ ವರ್ಷಗಳು

2021ರ ಜುಲೈ 15ರಂದು ಕೇಂದ್ರ ಸರಕಾರ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ಸ್ವಂತ ವಾಹನಕ್ಕೆ ವಿಂಟೇಜ್ ಎಂಬ ಮನ್ನಣೆ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ ‘ವಿಎ’ ಎಂಬ ಗುರುತು. ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಬಳಿಕ ನವೀಕರಿಸಲು 5,000. ಆ ಮೇಲೆ ಅದು ನಿತ್ಯದ ಓಡಾಟಕ್ಕೆ ಇಳಿಯಬಾರದು, ಬಾಡಿಗೆಗಂತೂ ಹೋಗಲೇಬಾರದು. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಷ್ಟಕ್ಕೆ ಮಾತ್ರ ರಸ್ತೆ ಅದರದು. ಇದಾಗಿ ತಿಂಗಳು ತುಂಬುವ ಮೊದಲೇ, ಆಗಸ್ಟ್ 13ರಂದು, ಗುಜರಿ ನೀತಿ ಬಂತು. ವಾಣಿಜ್ಯ ವಾಹನಕ್ಕೆ 15, ಸ್ವಂತದ್ದಕ್ಕೆ 20 ವರ್ಷವಾದ ಮೇಲೆ ಫಿಟ್‌ನೆಸ್ ಪರೀಕ್ಷೆ. ಪಾಸಾದರೆ ಸರಿ, ಇಲ್ಲವಾದರೆ ಕತ್ತರಿಸಿ ಕರಗಿಸುವ ಕಾರ್ಖಾನೆಗೆ.

ಇವೆರಡನ್ನು ಅಕ್ಕಪಕ್ಕ ಇಟ್ಟು ಓದಿದಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇಪ್ಪತ್ತಕ್ಕೂ ಐವತ್ತಕ್ಕೂ ನಡುವೆ ಮೂವತ್ತು ವರ್ಷಗಳಿವೆ. ಆ ಮೂವತ್ತು ವರ್ಷ ಕಾರು ಯಾರ ಲೆಕ್ಕಕ್ಕೆ? ಹೊಸತೆಂದು ಹೆಮ್ಮೆಪಡುವಂತಿಲ್ಲ, ಪುರಾತನವೆಂದು ಗೌರವಿಸುವಂತಿಲ್ಲ. ಅಂಗಳದಲ್ಲಿ ಜಾಗ ಹಿಡಿದು ಕೂತ ಕಬ್ಬಿಣ, ಮಾರಿದರೆ ತೂಕದ ಬೆಲೆ. ಮನೆಯ ಮಕ್ಕಳಿಗೆ ಅದು ಕಿರಿಕಿರಿ. ನೆರೆಯವರು ‘ಇನ್ನೂ ಕೊಡ್ಲಿಲ್ವಾ ಇದನ್ನು?’ ಎಂದು ಕೇಳುತ್ತಾರೆ. ಆದರೂ ಪ್ರದರ್ಶನದಲ್ಲಿ ಇವತ್ತು ಹೊಳೆಯುತ್ತಾ ನಿಂತ ಒಂದೊಂದು ಕಾರೂ ಈ ಅವಧಿಯನ್ನು ದಾಟಿಯೇ ಬಂದಿರಬೇಕು. ಯಾರೋ ಒಬ್ಬರು, ಮುಂದೆ ಇದಕ್ಕೆ ಬೆಲೆ ಬಂದೀತೆಂಬ ಖಾತ್ರಿ ಏನೂ ಇಲ್ಲದೆ, ಅದನ್ನು ಕಾದಿರಬೇಕು. ನಮ್ಮ ಕಣ್ಣು ಕಾರಿನ ಮೇಲೆ ನಿಲ್ಲುತ್ತದೆ, ಕಾದವರ ತನಕ ಹೋಗುವುದಿಲ್ಲ.

ದಕ್ಷಿಣ ಕನ್ನಡದ ನಮ್ಮ ಕಲ್ಲಡ್ಕದವರಿಗೆ ವಾಹನದ ಬಗ್ಗೆ ಯೋಚಿಸುವುದು ಕಷ್ಟವಲ್ಲ. ಮಂಗಳೂರು-ಬೆಂಗಳೂರು ಹೆದ್ದಾರಿ ಊರಿನ ನಡುವೆಯೇ ಹಾದಿದೆ. ಹಿಂದಿನ ಕಾರು, ಲಾರಿಗಳಿಗೆ ನಿಲ್ಲುವುದು ಅನಿವಾರ್ಯವಾಗಿತ್ತು. ಘಾಟಿ ಇಳಿದು ಬಂದ ಬ್ರೇಕು ಆರಬೇಕು, ರೇಡಿಯೇಟರಿಗೆ ನೀರು ಬೇಕು, ಚಾಲಕನಿಗೆ ಚಹಾ ಬೇಕು. ಕೆ.ಟಿ., ಅಂದರೆ ಕಲ್ಲಡ್ಕ ಟೀ, ಎಂಬ ಹೆಸರು ಊರೂರಿಗೆ ಹಬ್ಬಿದ್ದು ಹೀಗೆ ನಿಂತು ಹೋದವರ ಬಾಯಿಂದ. ಈಗ ಊರಿನ ಮೇಲೆ ಮೇಲ್ಸೇತುವೆ ಬಂದಿದೆ. ಅದರ ಮೇಲೆ ಹೋಗುವ ಗಾಡಿಗಳಿಗೆ ಕಲ್ಲಡ್ಕ ಕಾಣುವುದೇ ಇಲ್ಲ. ಸ್ವಲ್ಪ ಮುಂದೆ ಪಾಣೆಮಂಗಳೂರಿನಲ್ಲಿ ನೇತ್ರಾವತಿಗೆ 1914ರಲ್ಲಿ ಕಟ್ಟಿದ ಹಳೆಯ ಸೇತುವೆ ಇದೆ. ಅದೇ ವರ್ಷ ಮಂಗಳೂರಿನಲ್ಲಿ ಸಿ.ಪಿ.ಸಿ., ಅಂದರೆ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಹುಟ್ಟಿ ಜಿಲ್ಲೆಯಲ್ಲಿ ಬಸ್ಸಿನ ಕಾಲ ಶುರುವಾಯಿತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಲ್ಲಿ ಇಂಜಿನ್ ಓಡಿಸುತ್ತಿದ್ದರು. ಹೊರಡುವ ಎಷ್ಟೋ ಹೊತ್ತು ಮೊದಲೇ ಕ್ಲೀನರ್ ಎದ್ದು ಗಾಳಿಯ ಚಕ್ರ ತಿರುಗಿಸಿ ಕೆಂಡ ಹೊತ್ತಿಸಬೇಕಿತ್ತು.

ಆ ಬಸ್ಸುಗಳಲ್ಲಿ ಒಂದನ್ನಾದರೂ ಮುಟ್ಟಿ ನೋಡಬೇಕೆಂದು ನನಗೆ ಬಹಳ ಆಸೆ. ಶ್ರೀಮಂತರ ಮನೆಯ ಕಾರು ಕೊಟ್ಟಿಗೆಯ ಮೂಲೆಯಲ್ಲಿ ಉಳಿಯಿತು, ಉಳಿಸುವುದಕ್ಕೆ ಅವರಲ್ಲಿ ಕೊಟ್ಟಿಗೆ ಇತ್ತು. ಬಸ್ಸು ಕೊನೆಯ ಟ್ರಿಪ್ಪಿನ ತನಕ ದುಡಿದು, ಬಿಡಿಭಾಗಗಳಾಗಿ ಬೇರೆ ಬಸ್ಸುಗಳಿಗೆ ಸೇರಿ, ಉಳಿದದ್ದು ಗುಜರಿಗೆ ಹೋಯಿತು. ಕಾಸು ಕೊಟ್ಟ ಎಲ್ಲರನ್ನೂ ಕೂರಿಸಿಕೊಂಡ, ಜಾತಿಯ ಲೆಕ್ಕದಲ್ಲಿ ದೂರ ನಿಲ್ಲಬೇಕಿದ್ದವರನ್ನು ಭುಜಕ್ಕೆ ಭುಜ ತಾಗಿಸಿ ಕರೆದೊಯ್ದ ಗಾಡಿ ಅದು. ನಮ್ಮ ಜಿಲ್ಲೆಯನ್ನು ಕಾರಿಗಿಂತ ಎಷ್ಟೋ ಹೆಚ್ಚು ಬದಲಾಯಿಸಿದ್ದು ಅದೇ. ಎಲ್ಲರೂ ಏರಿ ಇಳಿದ ಅದಕ್ಕೆ ಮುದಿತನದಲ್ಲಿ ಯಾರೂ ಸೂರು ಕೊಡಲಿಲ್ಲ.

ಈ ಯೋಚನೆಗಳನ್ನು ಹೊತ್ತುಕೊಂಡು ವೇಣೂರು ಕಂಬಳದ ಶನಿವಾರ ಡ್ರೈವರಣ್ಣನ ಜೊತೆ ಹೊರಟೆ. ಬೆಳಗ್ಗೆ ಧರ್ಮಸ್ಥಳದ ಕಾರು ಸಂಗ್ರಹಾಲಯ, ಮಧ್ಯಾಹ್ನದ ಮೇಲೆ ವೇಣೂರಿನ ಕರೆ, ಅಂದರೆ ಕೋಣಗಳು ಓಡುವ ಕೆಸರಿನ ಓಣಿ. ನಮ್ಮ ಕಡೆ ಹಳೆಯ ಕಾರುಗಳನ್ನು ಸಾಲಾಗಿ ನೋಡಬೇಕಾದರೆ ಹೋಗಬೇಕಾದ್ದು ಒಂದು ಕಡೆ, ಓಟದ ಟ್ರ್ಯಾಕ್ ನೋಡಬೇಕಾದರೆ ಇನ್ನೊಂದು ಕಡೆ. ಗುರುವಾಯನಕೆರೆಯಲ್ಲಿ ದಾರಿ ಕವಲಾಗುವುದರಿಂದ ಎರಡೂ ಒಂದೇ ದಿನದಲ್ಲಿ ಸಿಗುತ್ತವೆ.

ಡ್ರೈವರಣ್ಣ ಅಂದರೆ ನಮ್ಮ ಪೇಟೆಯಲ್ಲಿ ಬಹುಕಾಲ ಬಾಡಿಗೆ ಕಾರು ಓಡಿಸಿದವರು. ಕಾರು 1984ರ ಅಂಬಾಸಿಡರ್, ಸ್ಟೇರಿಂಗಿನ ಪಕ್ಕದಲ್ಲೇ ಗೇರು. ಹೆರಿಗೆ ನೋವು ಬಂದವರನ್ನು, ಮದುಮಕ್ಕಳನ್ನು, ಗಲ್ಫಿಗೆ ಹೊರಟವರನ್ನು ಬಜಪೆ ವಿಮಾನ ನಿಲ್ದಾಣಕ್ಕೆ, ಎಂತೆಂಥವರನ್ನೋ ಅದು ಹೊತ್ತಿದೆ. ಬಾಡಿಗೆ ಬಿಟ್ಟ ಮೇಲೆ ಸ್ವಂತಕ್ಕೆಂದು ನೋಂದಣಿ ಬದಲಿಸಿ ಇಟ್ಟುಕೊಂಡಿದ್ದಾರೆ. ಅದರ ಕ್ಲಚ್ ಪೆಡಲನ್ನು ಒಮ್ಮೆ ಬಗ್ಗಿ ನೋಡಬೇಕು. ರಬ್ಬರಿನ ಗೆರೆಗಳೆಲ್ಲ ಅಳಿಸಿವೆ. ಬಲಬದಿ ದಪ್ಪವಾಗಿಯೇ ಇದೆ, ಎಡಬದಿ ತೆಳುವಾಗಿ ಒಳಗಿನ ಕಬ್ಬಿಣ ಕಾಣುತ್ತದೆ. ಅವರ ಎಡಗಾಲು ಸ್ವಲ್ಪ ಹೊರಕ್ಕೆ ತಿರುಗಿದ್ದು, ಒತ್ತುವಾಗ ಭಾರವೆಲ್ಲ ಆ ಅಂಚಿಗೆ ಬೀಳುತ್ತದೆ. ಪೆಡಲಿನ ಸವೆತ ಆ ಒಂದು ಕಾಲಿನ ಅಚ್ಚು. ಬೇರೆ ಯಾರೇ ಓಡಿಸಿದ್ದರೂ ರಬ್ಬರು ಬೇರೆ ರೀತಿ ಸವೆಯುತ್ತಿತ್ತು.

ಪುಂಜಾಲಕಟ್ಟೆಯ ಏರಿನಲ್ಲಿ ಅವರು ಎರಡು ಸಲ ಕ್ಲಚ್ ಒತ್ತಿ, ನಡುವೆ ತುಸು ಎಕ್ಸಲೇಟರ್ ಕೊಟ್ಟು, ಗೇರು ಇಳಿಸಿದರು. ಶಬ್ದವೇ ಇಲ್ಲ. ಇಂಜಿನಿನ ವೇಗವೂ ಚಕ್ರದ ವೇಗವೂ ಕೂಡುವ ಆ ಗಳಿಗೆಯನ್ನು ಅವರು ಕಿವಿಯಿಂದ ಹಿಡಿಯುತ್ತಾರೆ. ಹಿಂದಿನ ಕಾರುಗಳಲ್ಲಿ ಇದನ್ನು ಕಲಿಯದವನು ಡ್ರೈವರನೇ ಅಲ್ಲ. ಈಗಿನ ಗೇರ್ ಬಾಕ್ಸು ಆ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ.

ಧರ್ಮಸ್ಥಳದ ಸಂಗ್ರಹ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ದಶಕಗಳಿಂದ ಕೂಡಿಸಿದ್ದು. ಮಂಜೂಷಾ ವಸ್ತುಸಂಗ್ರಹಾಲಯದ ಜೊತೆಗೆ ಇದನ್ನೂ ನೋಡಿ ಹೋಗುವುದು ಯಾತ್ರಿಕರಿಗೆ ರೂಢಿ. ಬೇರೆಲ್ಲಾದರೂ ಇಂಥ ಸಂಗ್ರಹಗಳಿಗೆ ಕಾರಿನ ಹುಚ್ಚಿನವರೇ ಬರುತ್ತಾರೆ. ಇಲ್ಲಿ ದೇವರ ದರ್ಶನಕ್ಕೆ ಬಂದ ರೈತರು, ಶಾಲಾ ಮಕ್ಕಳು, ಮುಡಿ ಕೊಟ್ಟ ಅಜ್ಜಿಯಂದಿರು ಬರುತ್ತಾರೆ. ಇದು ನನಗೆ ಬಹಳ ಇಷ್ಟವಾದ ಸಂಗತಿ. ಅಜ್ಜಿಯೊಬ್ಬರು ಫುಟ್‌ಬೋರ್ಡನ್ನು ತೋರಿಸಿ ಮೊಮ್ಮಗಳಿಗೆ ‘ಇಂಥದ್ದರ ಮೇಲೆ ನಿಂತು ಹೋಗ್ತಿದ್ರು’ ಎಂದು ವಿವರಿಸುತ್ತಿದ್ದರು.

ಎಲ್ಲರೂ ಹೆಚ್ಚು ಹೊತ್ತು ನಿಲ್ಲುವುದು ಗಾಂಧೀಜಿ ಕರ್ನಾಟಕದ ಪ್ರವಾಸದಲ್ಲಿ ಬಳಸಿದರೆಂದು ಹೇಳುವ ಸ್ಟುಡ್‌ಬೇಕರ್ ಪ್ರೆಸಿಡೆಂಟ್ ಕಾರಿನ ಮುಂದೆ. ನಾನೂ ನಿಂತೆ. 1934ರ ಫೆಬ್ರವರಿಯಲ್ಲಿ, ಅಸ್ಪೃಶ್ಯತೆಯ ವಿರುದ್ಧದ ಪ್ರವಾಸದಲ್ಲಿ, ಗಾಂಧೀಜಿ ಕೊಡಗಿನಿಂದ ಇಳಿದು ಸುಳ್ಯ, ಪುತ್ತೂರಿನ ದಾರಿಯಾಗಿ ಮಂಗಳೂರಿಗೆ ಬಂದಿದ್ದರು. ಪುತ್ತೂರಿನಿಂದ ಮಾಣಿ, ಕಲ್ಲಡ್ಕ, ಪಾಣೆಮಂಗಳೂರು ಎಂದು ಬರುವ ನಮ್ಮ ದಾರಿ ನನಗೆ ಅಲ್ಲಿ ನಿಂತಾಗ ನೆನಪಾಯಿತು. ಜೊತೆಗೆ ಇನ್ನೊಂದು ಯೋಚನೆ. ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದರೆಂದು ಜಗತ್ತಿಗೆ ಗೊತ್ತಿದೆ. ಮುಂದಿನ ಸೀಟಿನಲ್ಲಿ ಕೂತು, ಧೂಳಿನ ರಸ್ತೆಯಲ್ಲಿ ಗೇರು ಬದಲಿಸುತ್ತಾ ಅವರನ್ನು ಸುರಕ್ಷಿತವಾಗಿ ಸಭೆಯಿಂದ ಸಭೆಗೆ ಮುಟ್ಟಿಸಿದವನು ಯಾರು? ಆ ಕಾರಿನ ಕ್ಲಚ್ ಪೆಡಲಿನಲ್ಲಿಯೂ ಒಂದು ಕಾಲಿನ ಗುರುತು ಇದ್ದಿರಲೇಬೇಕು.

ಅಷ್ಟರಲ್ಲಿ ಡ್ರೈವರಣ್ಣ ಇನ್ನೊಂದು ಕಾರಿನ ಪಕ್ಕ ಮೊಣಕಾಲೂರಿ ಕೂತು ಅಡಿಗೆ ಇಣುಕುತ್ತಿದ್ದರು.

‘ಎಂತ ನೋಡ್ತಾ ಇದ್ದೀರಿ?’ ಎಂದೆ.

‘ಆಯಿಲ್ ಬಿದ್ದಿದೆಯಾ ಅಂತ. ಒಂದು ತೊಟ್ಟಾದ್ರೂ ಬಿದ್ದಿದ್ರೆ ಒಳಗೆ ಜೀವ ಉಂಟು ಅಂತ ಲೆಕ್ಕ ಮಾರಾಯ್ರೆ.’

ನೆಲ ಒರೆಸಿ ಚೊಕ್ಕವಾಗಿತ್ತು. ಅದನ್ನು ನೋಡಿ ಏನೂ ಹೇಳುವಂತಿಲ್ಲ ಎಂದು ಎದ್ದರು.

ಓಡದೆ ನಿಂತ ಕಾರು ನಿಂತಲ್ಲೇ ಹಾಳಾಗುತ್ತದೆ ಎಂಬುದು ಹೊರಗಿನವರಿಗೆ ಹೊಳೆಯುವುದಿಲ್ಲ. ಭಾರ ಒಂದೇ ಕಡೆ ಬಿದ್ದು ಟಯರು ಚಪ್ಪಟೆಯಾಗುತ್ತದೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಅಂಟಾಗಿ ಕಾರ್ಬೊರೇಟರಿನ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಬ್ರೇಕಿನ ಎಣ್ಣೆ ಗಾಳಿಯ ತೇವ ಹೀರಿಕೊಂಡು ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಸುತ್ತದೆ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ರಬ್ಬರಿನ ಸೀಲುಗಳು ಒಣಗಿ ಬಿರಿಯುತ್ತವೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ನಾಡಿನಲ್ಲಿ ಇದೆಲ್ಲ ಇನ್ನೂ ಬೇಗ. ಓಡಿಸಿದರೆ ಸವೆಯುತ್ತದೆ, ಓಡಿಸದಿದ್ದರೆ ಕೊಳೆಯುತ್ತದೆ. ಈ ಎರಡರ ನಡುವೆ ಅದನ್ನು ನಡೆಸಿಕೊಂಡು ಹೋಗುವುದಕ್ಕೆ ದಿನವೂ ಒಂದು ಕೈ ಬೇಕು, ಒಂದು ಕಿವಿ ಬೇಕು.

ಹಳೆಯ ಕಾರನ್ನು ಓಡಿಸುತ್ತಲೇ ಉಳಿಸುವವರೂ ಇದ್ದಾರೆ. ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಯುದ್ಧಕಾಲದ ವಿಮಾನ ನಿಲ್ದಾಣದ ಸುತ್ತಲಿನ ದಾರಿಯನ್ನೇ ಟ್ರ್ಯಾಕ್ ಮಾಡಿ 1948ರಲ್ಲಿ ಕಾರು ಓಟ ಶುರುಮಾಡಿದ್ದರು. ಕಾರುಗಳ ವೇಗ ಹೆಚ್ಚಿ ಅಪಾಯ ಬೆಳೆದಾಗ 1966ರಲ್ಲಿ ಓಟ ನಿಂತಿತು. 1998ರಲ್ಲಿ ಅದೇ ಟ್ರ್ಯಾಕಿನಲ್ಲಿ, ಅದೇ ಕಾಲದ ಕಾರುಗಳಿಗಾಗಿ ಮತ್ತೆ ತೆರೆಯಿತು. ಇವತ್ತು ಅಲ್ಲಿ ಕೋಟಿಗಟ್ಟಲೆ ಬೆಲೆಯ ಹಳೆಯ ಕಾರುಗಳು ನಿಜವಾಗಿಯೇ ಸ್ಪರ್ಧಿಸುತ್ತವೆ, ಒಮ್ಮೊಮ್ಮೆ ಒಂದಕ್ಕೊಂದು ತಾಗಿ ನಜ್ಜುಗುಜ್ಜಾಗುತ್ತವೆ. ಅದನ್ನು ಅನ್ಯಾಯವೆನ್ನುವವರಿದ್ದಾರೆ. ಓಡುವುದಕ್ಕೆ ಹುಟ್ಟಿದ್ದನ್ನು ಓಡಿಸುವುದರಲ್ಲಿ ಅನ್ಯಾಯವಿದೆ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ನನ್ನ ಮನಸ್ಸು ಹೋಗುವುದು 1966ರಿಂದ 1998ರ ತನಕದ ಮೂವತ್ತೆರಡು ವರ್ಷಗಳ ಕಡೆಗೆ. ಪ್ರೇಕ್ಷಕರಿಲ್ಲದ ಆ ಡಾಂಬರನ್ನು ಅಗೆದು ಮನೆ ಕಟ್ಟದೆ, ಗದ್ದೆ ಮಾಡದೆ ಬಿಟ್ಟಿದ್ದರಿಂದಲೇ ಮತ್ತೆ ತೆರೆಯಲು ಟ್ರ್ಯಾಕ್ ಎಂಬುದೊಂದು ಉಳಿದಿತ್ತು. ನಮ್ಮ ಚೆನ್ನೈ ಬಳಿಯ ಶೋಳಾವರಂ ಕೂಡ ಯುದ್ಧಕಾಲದ ರನ್‌ವೇಯೇ, ದಕ್ಷಿಣ ಭಾರತದ ಕಾರು ಓಟದ ತವರು. 1990ರಲ್ಲಿ ಇರುಂಗಾಟ್ಟುಕೋಟೆಯ ಹೊಸ ಟ್ರ್ಯಾಕ್ ಬಂದ ಮೇಲೆ ಅದರ ಹೆಸರು ಹಳಬರ ಮಾತಿನಲ್ಲಷ್ಟೇ ಉಳಿದಿದೆ.

ಧರ್ಮಸ್ಥಳದಲ್ಲಿ ಊಟ ಮುಗಿಸಿ ವೇಣೂರಿಗೆ ಬಂದೆವು. ಅಲ್ಲಿ ಫಲ್ಗುಣಿ ನದಿಯ ದಂಡೆಯಲ್ಲಿ 1604ರಲ್ಲಿ ತಿಮ್ಮಣ್ಣಾಜಿಲ ಅರಸ ನಿಲ್ಲಿಸಿದ, ಸುಮಾರು 35 ಅಡಿಯ ಬಾಹುಬಲಿ ಇದ್ದಾನೆ. ಗೆದ್ದ ರಾಜ್ಯವನ್ನು ಬಿಟ್ಟು, ಬಳ್ಳಿ ಮೈಗೆ ಹಬ್ಬುವ ತನಕ ಅಲುಗದೆ ನಿಂತವನು. ನಿಲ್ಲುವುದೇ ಅವನ ಸಾಧನೆ, ಆದ್ದರಿಂದ ಕಲ್ಲಿನಲ್ಲಿ ಅವನು ಪೂರ್ಣ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯೂ ಹಾಗೆಯೇ, ನಿಲ್ಲಲೆಂದೇ ಕಟ್ಟಿದ್ದು. ಕಾರಿಗೂ ಕೋಣಕ್ಕೂ ಆ ಭಾಗ್ಯವಿಲ್ಲ, ಓಟ ನಿಂತರೆ ಅವುಗಳ ಅರ್ಧ ಹೋದ ಹಾಗೆ.

ಕರೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂದು ವಿಭಾಗಗಳನ್ನು ಮೈಕಿನಲ್ಲಿ ಕರೆಯುತ್ತಿದ್ದರು. ನೇಗಿಲು ಎಂಬ ಹೆಸರು ಕಿವಿಗೆ ಬಿದ್ದಾಗ ನಾನು ಪ್ರತಿಸಲ ಒಂದು ಕ್ಷಣ ನಿಲ್ಲುತ್ತೇನೆ. ಈ ಕೋಣಗಳು ಗದ್ದೆ ಉಳುವುದಿಲ್ಲ. ಟಿಲ್ಲರ್ ಬಂದು ಎಷ್ಟು ಕಾಲವಾಯಿತು! ಗದ್ದೆಗಳೇ ಅಡಿಕೆ, ರಬ್ಬರು ತೋಟಗಳಾಗಿವೆ. ಉಳುಮೆ ಹೋಯಿತು, ಉಳುಮೆಯ ಹಿಗ್ಗು ಮಾತ್ರ ಉಳಿಯಿತು. ಓಟದ ಕೋಣವೆಂದರೆ ಈಗ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಈಜಾಡಿಸಿ, ಹಟ್ಟಿಯಲ್ಲಿ ಫ್ಯಾನಿಟ್ಟು ಸಾಕುವ ಜೀವ. ದುಡಿಮೆಯಿಂದ ಬಿಡುಗಡೆಯಾಗಿ ಪ್ರೀತಿಗಾಗಿಯೇ ಉಳಿದದ್ದು. ವಿಂಟೇಜ್ ನಿಯಮ ಹಳೆಯ ಕಾರಿಗೆ ಕೊಟ್ಟದ್ದೂ ಇದೇ ಸ್ಥಾನ. ಬಾಡಿಗೆಗೆ ಹೋಗಬೇಡ, ಹಬ್ಬಕ್ಕೆ ಬಾ.

ಆದರೆ ಕೋಣ ಕಾಯುವುದಿಲ್ಲ. ಕಾರನ್ನು ಒಂದು ತಿಂಗಳು ಮರೆತರೆ ಬ್ಯಾಟರಿ ಇಳಿಯುತ್ತದೆ, ಕೋಣವನ್ನು ಒಂದು ದಿನವೂ ಮರೆಯುವಂತಿಲ್ಲ. 2014ರ ಮೇ ತಿಂಗಳಲ್ಲಿ ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ ಕಂಬಳದ ಭವಿಷ್ಯ ತೂಗುಯ್ಯಾಲೆಗೆ ಬಿತ್ತು. 2016ರ ನವೆಂಬರಿನಲ್ಲಿ ಹೈಕೋರ್ಟಿನ ತಡೆ ಬಂತು. 2017ರಲ್ಲಿ ರಾಜ್ಯ ಸರಕಾರ ಕಾನೂನು ತಿದ್ದಿತು. ಸಂವಿಧಾನ ಪೀಠ ಅದನ್ನು ಎತ್ತಿಹಿಡಿದದ್ದು 2023ರ ಮೇ 18ರಂದು. ಆ ನಡುವಿನ ವರ್ಷಗಳಲ್ಲಿ ಕೋಣ ಸಾಕಿದವರಿಗೆ ಮುಂದೆ ಓಟ ಇದೆಯೇ ಇಲ್ಲವೇ ಎಂಬುದೇ ಗೊತ್ತಿರಲಿಲ್ಲ. ಓಟ ಮುಗಿಸಿ ಬಂದ ಜೋಡಿಗೆ ನೀರೆರೆಯುತ್ತಿದ್ದ ಒಬ್ಬರನ್ನು ನಾನು ಇದನ್ನೇ ಕೇಳಿದೆ.

‘ಆಗ ಮಾರಬೇಕು ಅನ್ನಿಸ್ಲಿಲ್ವಾ?’

‘ಕೋರ್ಟಿನ ವಿಷಯ ನಮಗೆ ಗೊತ್ತಿತ್ತು, ಕೋಣಕ್ಕೆ ಗೊತ್ತುಂಟಾ? ಬೆಳಗಾದ್ರೆ ಅದಕ್ಕೆ ಹುರುಳಿ ಬೇಕಲ್ಲ’ ಎಂದರು. ಕೈ ನಿಲ್ಲಿಸಲಿಲ್ಲ.

ನಾನು ಹುಡುಕುತ್ತಿದ್ದ ಮೂವತ್ತು ವರ್ಷಗಳ ಉತ್ತರ ಆ ಮಾತಿನಲ್ಲಿ ಸಿಕ್ಕಿತೆಂದು ನನ್ನ ನಂಬಿಕೆ. ಪರಂಪರೆಯನ್ನು ಉಳಿಸುತ್ತೇನೆ ಎಂದು ಹೊರಟವರಿಂದ ಅದು ಉಳಿಯುವುದು ಕಡಿಮೆ. ಬೆಳಗಾದರೆ ಕಣ್ಣೆದುರು ಇರುವ ಒಂದು ಜೀವಕ್ಕೋ ವಸ್ತುವಿಗೋ ಇವತ್ತು ಬೇಕಾದದ್ದನ್ನು ಇವತ್ತು ಕೊಟ್ಟವರ ಕೈಯಲ್ಲಿ ಅದು ತಾನಾಗಿ ದಾಟಿ ಬರುತ್ತದೆ. ಅವರಿಗೆ ಆ ಹೊತ್ತಿನಲ್ಲಿ ಅದು ಪರಂಪರೆ ಅಲ್ಲ, ಕೆಲಸ. ಬೆಲೆ, ಬಹುಮಾನ, ಫೋಟೋ ಎಲ್ಲ ಆಮೇಲೆ ಬರುವವು, ಬರುವಾಗ ಎಷ್ಟೋ ಸಲ ಬೇರೆಯವರ ಪಾಲಿಗೆ ಬರುವವು.

ಹಳೆಯದೆಲ್ಲ ಉಳಿಯಬೇಕೆಂದು ಇದರ ಅರ್ಥವಲ್ಲ. ಕಂಬಳದ ಹೆಸರಿನಲ್ಲಿ ಕೊರಗ ಸಮುದಾಯದವರನ್ನು ಹಿಂದಿನ ರಾತ್ರಿಯಿಡೀ ಕೂರಿಸಿ ಡೋಲು ಬಡಿಸುತ್ತಿದ್ದರು. ಕೋಣಗಳಿಗೆ ಮುಳ್ಳು, ಗಾಜು ತಾಗದಿರಲೆಂದು ಮೊದಲು ಅವರನ್ನು ಕರೆಯಲ್ಲಿ ಓಡಿಸುತ್ತಿದ್ದರು. ಅವರನ್ನು ಹೀಗೆ ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಲು 2000ದ ತನಕ ಕಾಯಬೇಕಾಯಿತು. ಕಂಬಳ ಅದನ್ನು ಬಿಟ್ಟೂ ಬದುಕಿತು. 1969ರಲ್ಲಿ ಬಜಗೋಳಿಯಲ್ಲಿ ಜೋಡುಕರೆ ಕಂಬಳ ಬಂದಾಗ, ಈಚೆಗೆ ಲೇಸರ್ ಕಿರಣದಲ್ಲಿ ಸಮಯ ಅಳೆಯತೊಡಗಿದಾಗ, ಬಾರುಕೋಲಿಗೆ ಕಡಿವಾಣ ಬಿದ್ದಾಗ ಕೂಡ ಅದು ಬದಲಾಯಿತು. ಬದಲಾಗಿದ್ದರಿಂದಲೇ ನಡೆಯುತ್ತಾ ಇದೆ. ‘ಮೂಲ ರೂಪ ಕೆಡಬಾರದು’ ಎಂಬ ಷರತ್ತು ಹಾಕಿದ್ದರೆ ಕಂಬಳಕ್ಕೆ ಯಾರೂ ಮನ್ನಣೆಯ ನಂಬರು ಕೊಡುತ್ತಿರಲಿಲ್ಲ, ಕೊಡಲೂಬಾರದಿತ್ತು.

ಕಾರಿನ ನಿಯಮದಲ್ಲಿ ನನಗಿರುವ ತಕರಾರೂ ಇಲ್ಲಿಯೇ. ಡ್ರೈವರಣ್ಣನ ಅಂಬಾಸಿಡರಿಗೆ 2034ಕ್ಕೆ ಐವತ್ತು ತುಂಬುತ್ತದೆ. ಆದರೆ ಅದಕ್ಕೆ ‘ವಿಎ’ ನಂಬರು ಸಿಗುವ ಹಾಗೆ ಕಾಣುವುದಿಲ್ಲ. ಚಾಸಿ, ಬಾಡಿ, ಇಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಪೆಟ್ರೋಲಿನ ಖರ್ಚಿಗೆ ಬಾಡಿಗೆ ಸಾಲದಾದಾಗ ಅವರು ಅದಕ್ಕೆ ಮ್ಯಾಟಡಾರ್ ಡೀಸೆಲ್ ಇಂಜಿನ್ ಕೂರಿಸಿದ್ದಾರೆ. ಆ ಕಾಲದಲ್ಲಿ ಕರಾವಳಿಯ ಬಾಡಿಗೆ ಕಾರಿನವರು ಎಷ್ಟೋ ಮಂದಿ ಮಾಡಿದ್ದು ಅದನ್ನೇ. ಇಂಜಿನ್ ಬದಲಿಸದಿದ್ದರೆ ಕಾರು ಮಾರಬೇಕಿತ್ತು, ಮಾರಿದ್ದರೆ ಅದು ಎಂದೋ ಗುಜರಿಯಾಗುತ್ತಿತ್ತು. ದುಡಿಯುವ ಅಗತ್ಯವೇ ಬೀಳದ ಕಾರಿಗೆ ಮೂಲ ರೂಪದಲ್ಲಿ ಉಳಿಯುವುದು ಸುಲಭ. ದುಡಿದ ಕಾರಿನ ಚರಿತ್ರೆ ಇರುವುದು ಅದರ ಬದಲಾವಣೆಗಳಲ್ಲಿ. ಬಿ.ಸಿ.ರೋಡಿನ ಗ್ಯಾರೇಜುಗಳಲ್ಲಿ ಇಂಜಿನ್ ಮೌಂಟಿಂಗನ್ನು ಕತ್ತರಿಸಿ, ಬೆಸುಗೆ ಹಾಕಿ, ಇಲ್ಲದ್ದನ್ನು ಇದ್ದಂತೆ ಕೂರಿಸಿದ ಮೆಕ್ಯಾನಿಕ್‌ಗಳ ಬುದ್ಧಿ ಒಂದು ಮ್ಯೂಸಿಯಮ್ಮಿನಲ್ಲಿ ಇರಬೇಕಾದದ್ದೇ. ಯಾವುದಾದರೂ ಸಂಗ್ರಹಾಲಯ ಇಂಥ ಒಂದು ಕಾರನ್ನು, ಸವೆದ ಪೆಡಲಿನ ರಬ್ಬರನ್ನು ಬದಲಿಸದೆ, ಓಡಿಸಿದವರ ಹೆಸರು ಬರೆದು ಇಟ್ಟರೆ ನಾನು ಮೊದಲ ದಿನವೇ ಹೋಗಿ ನೋಡುತ್ತೇನೆ.

ಬರುವ ದಾರಿಯಲ್ಲಿ ನಂಬರಿನ ವಿಷಯ ಅವರಿಗೆ ಹೇಳಿದೆ.

‘ಗೊತ್ತುಂಟು, ಆರ್.ಟಿ.ಒ. ಆಫೀಸಿನ ಹತ್ತಿರ ಯಾರೋ ಹೇಳಿದ್ರು’ ಎಂದರು. ಮಾತಿನಲ್ಲಿ ಬೇಸರವಿರಲಿಲ್ಲ. ಹಿಂದಿನ ಎಡಚಕ್ರದ ಬ್ರೇಕು ಸ್ವಲ್ಪ ಹಿಡಿಯುತ್ತಾ ಇದೆ ಎಂಬುದು ಅವರ ಚಿಂತೆ. ಮಳೆಗಾಲಕ್ಕೆ ಮೊದಲು ಸಿಲಿಂಡರ್ ಬಿಚ್ಚಬೇಕು. ಗ್ಯಾರೇಜಿನಲ್ಲಿ ಹೊಸತಾಗಿ ಸೇರಿದ ಹುಡುಗನೊಬ್ಬ ಆದಿತ್ಯವಾರ ಬರುತ್ತೇನೆ ಎಂದಿದ್ದಾನಂತೆ. ತಾವು ಕೈಹಾಕುವುದಿಲ್ಲ, ಪಕ್ಕದಲ್ಲಿ ಕುರ್ಚಿ ಹಾಕಿ ಕೂರುತ್ತಾರಂತೆ. ಹುಡುಗನೇ ಬಿಚ್ಚಬೇಕು, ಅವನೇ ಜೋಡಿಸಬೇಕು.